ಅದು ಅವಳು ಬಿಟ್ಟುಕೊಟ್ಟ ಪಂದ್ಯವಲ್ಲ

ನನ್ನ ಚೂಟಿಗೆ,

ನಿನ್ನ ಅತ್ತೆ ಅವಸರದಲ್ಲಿ ಬರೆಯುವುದು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ.

ಈ ಕಾಗದವನ್ನು ನಿನ್ನ ರ‍್ಯಾಕೆಟ್ಟಿನ ಚೀಲದೊಳಗೆ ಇಟ್ಟು ತರುತ್ತಿರುವವನು ತಂತಿ ಮಾಮ. ನನ್ನ ಹೊಲಿಗೆ ಅಂಗಡಿಯ ಪಕ್ಕದ ಗೂಡಿನಲ್ಲಿ ಕೂತು ನಿಮ್ಮಿಬ್ಬರ ರ‍್ಯಾಕೆಟ್ಟಿಗೂ ತಂತಿ ಬಿಗಿಯುವ ಮನುಷ್ಯ ಅಲ್ಲದೆ ಇನ್ಯಾರನ್ನು ನಂಬಲಿ? ನಾಳೆಯ ಫೈನಲ್‌ಗೆ ಬಿಗಿದ ನಿನ್ನ ರ‍್ಯಾಕೆಟ್ಟುಗಳನ್ನು ಇವತ್ತು ಸಂಜೆ, ನಿನ್ನೆ ರಾತ್ರಿಯಿಂದ ನೀನೂ ನಿಮ್ಮಪ್ಪನೂ ಮನೆ ಬಿಟ್ಟು ಇಳಿದುಕೊಂಡಿರುವ ಹೋಟೆಲಿಗೆ ಅವನು ಹೇಗೂ ತಲುಪಿಸಬೇಕಿತ್ತು. "ಅಕ್ಕಾ, ಸಿಕ್ಕಿಬಿದ್ರೆ ನಿಮ್ಮ ತಮ್ಮ ನನ್ನ ಕರುಳನ್ನೇ ಎಳೆದು ತಂತಿ ಮಾಡಿ ಬಿಗೀತಾನೆ" ಅಂದ. ಅಂದರೂ ಒಪ್ಪಿಕೊಂಡ. ಒಳಗೆ ಏನು ಬರೆದಿದೆ ಎಂದು ಅವನಿಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ನಿನ್ನ ಫೋನು ನಿಮ್ಮಪ್ಪನ ಜೇಬಿನಲ್ಲಿದೆ ಎಂದು ನನಗೆ ಗೊತ್ತು. ಬೆಳಿಗ್ಗೆಯಿಂದ ಅವನಿಗೇ ಮತ್ತೆ ಮತ್ತೆ ಮಾಡಿದೆ. ಒಂದು ಸಲ ಎತ್ತಿದ. ನಾನು ಬಾಯಿ ತೆಗೆಯುವ ಮೊದಲೇ, "ಅಕ್ಕಾ, ಫೈನಲ್ ಮುಗಿಯೋವರೆಗೂ ದೊಡ್ಡವಳ ಹೆಸರು ನನ್ನ ಹತ್ರ ಎತ್ತಬೇಡ. ಆಟಕ್ಕೇ ದ್ರೋಹ ಮಾಡಿದ್ದಾಳೆ ಅವಳು" ಅಂತ ಕಡ್ಡಿ ಮುರಿದ ಹಾಗೆ ಹೇಳಿ ಇಟ್ಟುಬಿಟ್ಟ. ಆಮೇಲೆ ಅದೂ ಬಂದ್. ನನ್ನ ತಮ್ಮ ಕೆಟ್ಟವನಲ್ಲ, ನಿನಗೂ ಗೊತ್ತು. ನಿಮ್ಮಮ್ಮ ತೀರಿಕೊಂಡ ಮೇಲೆ ಒಂದು ಕೈಯಲ್ಲಿ ಚೆಂಡಿನ ಬುಟ್ಟಿ, ಇನ್ನೊಂದು ಕೈಯಲ್ಲಿ ನಿಮ್ಮಿಬ್ಬರನ್ನು ಹಿಡಿದುಕೊಂಡು ಬಂದವನು. ಆದರೆ ಪಂದ್ಯ ಹತ್ತಿರ ಬಂತೆಂದರೆ ಅವನ ಕಿವಿಗೆ ಹೊರಗಿನ ಸದ್ದು ಬೀಳುವುದಿಲ್ಲ.

ಸುತ್ತಿ ಬಳಸಿ ಹೇಳಲು ಹೊತ್ತಿಲ್ಲ, ಹೇಳಿಬಿಡುತ್ತೇನೆ. ನಿನ್ನೆ ನಿನ್ನ ಅಕ್ಕ ನಿನಗೆ ಪಂದ್ಯ ಬಿಟ್ಟುಕೊಡಲಿಲ್ಲ. ಅವಳಿಗೆ ಬಲಗಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ.

ಮತ್ತೊಂದು ಸಲ ಓದಬೇಕಾದರೆ ಓದು. ನಾನು ಇಲ್ಲೇ ಇರುತ್ತೇನೆ.

ನಿನ್ನೆ ನಾನೂ ಬಂದಿದ್ದೆ, ಮೇಲಿನ ಸಾಲಿನಲ್ಲಿ ಕೂತಿದ್ದೆ. ನನಗೆ ಆಟದ ಒಳಸುಳಿ ತಿಳಿಯುವುದಿಲ್ಲ. ನಾನು ಚೆಂಡು ನೋಡುವುದಿಲ್ಲ, ನಾನು ಹೊಲಿದ ಸ್ಕರ್ಟಿನ ನೆರಿಗೆ ನೋಡುತ್ತೇನೆ. ನಿಮ್ಮಿಬ್ಬರದೂ ಒಂದೇ ಥಾನಿನ ಬಟ್ಟೆ, ಆದರೆ ನೆರಿಗೆಯ ಸ್ವಭಾವ ಬೇರೆ. ನಿನ್ನದು ಗಾಳಿಗೆ ಸಿಕ್ಕ ಕೊಡೆಯ ಹಾಗೆ ಸದಾ ಬಿಚ್ಚಿಕೊಂಡಿರುತ್ತದೆ. ಅವಳದು ಓಡುವಾಗ ಮಾತ್ರ ಬಿಚ್ಚಿ, ನಿಂತ ಕೂಡಲೇ ಮಡಚಿ ಕೂತುಬಿಡುತ್ತದೆ. ನಿನ್ನೆ ಅವಳ ನೆರಿಗೆಗಳು ತಪ್ಪು ಹೊತ್ತಿನಲ್ಲಿ ಬಿಚ್ಚುತ್ತಿದ್ದವು. ಚೆಂಡು ಬರುವ ಮೊದಲೇ ತಿರುಗುತ್ತಿದ್ದಳು, ಇಲ್ಲವೇ ಅದು ದಾಟಿದ ಮೇಲೆ. ತಾನೇ ಮೇಲಕ್ಕೆಸೆದ ಚೆಂಡನ್ನು ತಾನೇ ತಪ್ಪಿಸಿಕೊಂಡಳು. ಜನ ನಕ್ಕರು. ನಾನು ಮನಸ್ಸಿನಲ್ಲೇ, ಇವಳಿಗೇನು ಬಂತು ರೋಗ, ತಂಗಿ ಮುಂದೆ ಕೋಡಂಗಿ ಆಟ ಆಡ್ತಿದ್ದಾಳಲ್ಲ ಎಂದು ಬೈದೆ.

ಅರ್ಧ ಗಂಟೆ. ಅಷ್ಟರಲ್ಲಿ ಮುಗಿದುಹೋಯಿತು. ಆರು ಸೊನ್ನೆ, ಆರು ಸೊನ್ನೆ. ನನ್ನ ಪಕ್ಕದಲ್ಲಿದ್ದವರು ತಂದ ತಿಂಡಿಯ ಪೊಟ್ಟಣ ಬಿಚ್ಚುವಷ್ಟರಲ್ಲಿ ಎದ್ದು ಹೋಗಬೇಕಾಯಿತು. "ಮನೆ ಪಂದ್ಯ ರೀ ಇದು. ತಂಗಿ ಫೈನಲ್‌ಗೆ ಸುಸ್ತಾಗಬಾರದು ಅಂತ ಅಕ್ಕ ದಾರಿ ಬಿಟ್ಟಳು" ಎಂದು ಒಬ್ಬ. "ಟಿಕೆಟ್ ದುಡ್ಡು ವಾಪಸ್ ಕೊಡಿ" ಎಂದು ಇನ್ನೊಬ್ಬ. ಅವರ ಬಾಯಿಗೆ ಬೀಗ ಹಾಕಲು ನಾನ್ಯಾರು? ನಾನೇ ಹಾಗೆಂದುಕೊಂಡಿದ್ದೆ.

ಆಮೇಲೆ ನೀವಿಬ್ಬರೂ ಬಲೆಯ ಹತ್ತಿರ ಬಂದಿರಿ. ಅವಳು ಕೈ ಚಾಚಿದಳು. ಅದು ನಿನ್ನ ಕೈಯ ಪಕ್ಕದಿಂದ ಹಾದು ಗಾಳಿಯನ್ನು ಹಿಡಿಯಿತು. ನೀನು ಅದನ್ನು ಸೊಕ್ಕು ಅಂದುಕೊಂಡೆ. ಕೈಯನ್ನೂ ಕೊಡದೆ ಹೋಗುತ್ತಿದ್ದಾಳೆ ಎಂದುಕೊಂಡೆ. "ನನಗೆ ನಿನ್ನ ಭಿಕ್ಷೆ ಬೇಡ" ಎಂದು ನೀನು ಕಿರುಚಿದ್ದು ಮೇಲಿನ ಸಾಲಿಗೂ ಕೇಳಿಸಿತು. ಚೂಟಿ, ಅವಳಿಗೆ ನಿನ್ನ ಕೈ ಎಷ್ಟು ದೂರದಲ್ಲಿದೆ ಎಂದು ತಿಳಿಯಲಿಲ್ಲ. ಅಷ್ಟೇ ಆದದ್ದು.

ಸಂಜೆ ಅವಳು ನೇರ ಅಂಗಡಿಗೆ ಬಂದಳು. ಬೂಟು ಕೂಡ ಬಿಚ್ಚದೆ, ಗುಂಡಿಯ ಡಬ್ಬಗಳ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಳು. ನಾನು ಸಿಟ್ಟಿನಲ್ಲಿದ್ದೆ. ಒಂದು ಕೋಟಿನ ಅಂಚು ಕೈಹೊಲಿಗೆ ಹಾಕುವುದಿತ್ತು. ನನ್ನ ಕಣ್ಣಿಗೆ ಸೂಜಿಯ ತೂತು ಕಾಣದೆ ಹೋಗಿ ಎಷ್ಟೋ ವರ್ಷವಾಯಿತಲ್ಲ, ನೂಲು ಪೋಣಿಸುವುದು ಯಾವಾಗಲೂ ಅವಳದೇ ಕೆಲಸ. ನಿನ್ನ ಕೈಗೆ ಕೊಟ್ಟರೆ ನೀನು ನೂಲನ್ನು ಬಾಯಲ್ಲಿ ನೆನೆಸಿ ನೆನೆಸಿ ಹಗ್ಗ ಮಾಡುತ್ತಿದ್ದೆ. ಅವಳ ಮುಂದೆ ಸೂಜಿ, ನೂಲು ಇಟ್ಟು, "ಇದನ್ನಾದರೂ ಮಾಡು, ಆಟ ಆಡೋಕಂತೂ ಬರಲಿಲ್ಲ" ಎಂದು ಚುಚ್ಚಿದೆ. ಅವಳು ನೂಲಿನ ತುದಿಯನ್ನು ಸೂಜಿಯ ಮುಂದೆ ಗಾಳಿಯಲ್ಲಿ ತೂರಿಸಿದಳು. ಮತ್ತೆ ಹಿಂದೆ ತೂರಿಸಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು "ಸಾಕು ನಿನ್ನ ನಾಟಕ" ಅಂದೆ. ಇನ್ನೊಂದು ಸಲ ಪ್ರಯತ್ನಿಸಿದಳು. ಸೂಜಿ ಬೆರಳಿಗೆ ಚುಚ್ಚಿ ರಕ್ತದ ಚುಕ್ಕೆ ಎದ್ದಾಗ ಅವಳು ಅದನ್ನು ನೋಡಲಿಲ್ಲ, ನನ್ನ ಮುಖದ ಕಡೆಗೆ ತಿರುಗಿ, "ಅತ್ತೆ, ಬಾಗಿಲು ಹಾಕ್ತೀರಾ?" ಅಂದಳು.

ಬಲಗಣ್ಣಿನ ಕೆಳಗಿನಿಂದ ಕಪ್ಪು ನೆರಳೊಂದು ಏರುತ್ತಿದೆಯಂತೆ, ಬಕೆಟ್ಟಿನಲ್ಲಿ ನೀರು ಏರುವ ಹಾಗೆ. ಮೊದಮೊದಲ ಪಂದ್ಯಗಳಲ್ಲಿ ಬರಿಯ ಮಸಿಯ ಚುಕ್ಕೆಗಳು ಹಾರಾಡುತ್ತಿದ್ದವಂತೆ. ಸೊಳ್ಳೆ ಅಂದುಕೊಂಡು ಕೈಬೀಸಿದ್ದಾಳೆ! ನೆರಳು ಬಂದದ್ದು ನಿಮ್ಮ ಪಂದ್ಯದ ಹಿಂದಿನ ದಿನ.

ಇವತ್ತು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕೂತೆವು. ಅಲ್ಲಿ ಮೇಜಿನ ಮೇಲೆ ಪೇಪರ್ ಇತ್ತು. ನಾನು ಓದು ಕಲಿತದ್ದೇ ಪೇಪರಿನಿಂದ ಎಂದು ನಿನಗೆ ಗೊತ್ತಲ್ಲ, ಕುಪ್ಪಸದ ಅಳತೆ ಕತ್ತರಿಸಲು ತರುತ್ತಿದ್ದ ರದ್ದಿ ಪೇಪರ್. ತೋಳಿನ ಆಕಾರದಲ್ಲಿ ಒಂದು ಸುದ್ದಿ, ಕೊರಳಿನ ಆಕಾರದಲ್ಲಿ ಅರ್ಧ ಸುದ್ದಿ. ಇವತ್ತು ಪೂರ್ತಿ ಪುಟ ಸಿಕ್ಕಿತು, ಓದಬಾರದಿತ್ತು ಅನ್ನಿಸಿತು. ನಿಮ್ಮಿಬ್ಬರ ಚಿತ್ರ. ಕೆಳಗೆ ಒಂದು ಚೌಕದಲ್ಲಿ, ಟೆನಿಸ್‌ನಲ್ಲಿ ಹೀಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದ ಪಂದ್ಯಗಳು. ನೂರು ವರ್ಷಕ್ಕೂ ಹಿಂದೆ ಒಂದು ದೊಡ್ಡ ಫೈನಲ್ ಇಪ್ಪತ್ತೈದು ನಿಮಿಷದಲ್ಲಿ ಮುಗಿದಿತ್ತಂತೆ. ಒಬ್ಬಾಕೆ ಎದುರಾಳಿಗೆ ಒಂದೇ ಒಂದು ಪಾಯಿಂಟು ಕೂಡ ಬಿಟ್ಟುಕೊಡದೆ ಪಂದ್ಯ ಮುಗಿಸಿದ್ದಳಂತೆ. ಗಂಡಸರ ಆಟವೊಂದು ಹದಿನೆಂಟು ನಿಮಿಷದಲ್ಲಿ ಆಗಿಹೋದದ್ದೂ ಉಂಟಂತೆ, ಅಷ್ಟು ಹೊತ್ತಿನಲ್ಲಿ ನಾನು ಒಂದು ಕಾಜಾದ ತೂತು ಹೊಲಿದು ಗುಂಡಿ ಹಾಕುವುದಿಲ್ಲ. ಕೆಂಪು ಮಣ್ಣಿನ ಮೇಲೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಫೈನಲ್ ಗೆದ್ದವಳೊಬ್ಬಳು, ಇಷ್ಟು ಬೇಗ ಮುಗಿಸಿದ್ದಕ್ಕೆ ಪ್ರೇಕ್ಷಕರ ಕ್ಷಮೆ ಕೇಳಿದಳಂತೆ.

ಅದನ್ನು ಓದಿ ನನಗೆ ಅಳು ಬಂತು. ಗೆದ್ದವಳು ಕ್ಷಮೆ ಕೇಳಿದ್ದು ಬರೆದಿದ್ದಾರೆ. ಎಷ್ಟು ನಿಮಿಷ, ಎಷ್ಟು ಪಾಯಿಂಟ್, ಎಲ್ಲ ಬರೆದಿದ್ದಾರೆ. ಸೊನ್ನೆಯ ಕಡೆ ನಿಂತವಳು ಹಿಂದಿನ ರಾತ್ರಿ ನಿದ್ದೆ ಮಾಡಿದ್ದಳೋ, ಕೈ ನಡುಗುತ್ತಿತ್ತೋ, ಅವಳ ಕಣ್ಣು ಸರಿಯಿತ್ತೋ, ಆ ಚೌಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಕೊನೆಯ ಸಾಲಿನಲ್ಲಿ ನಿಮ್ಮ ಪಂದ್ಯ. ಪಕ್ಕದಲ್ಲಿ ಉಪ್ಪು ಖಾರ ಹಚ್ಚಿ, "ಸೋದರಿಯರ ಒಳ ಒಪ್ಪಂದವೇ? ವಿಚಾರಣೆ ಸಾಧ್ಯತೆ". ನಿನ್ನ ಅಕ್ಕ ಎಡಗಣ್ಣಿನಲ್ಲಿ ಅದನ್ನು ಓದಿ ಪೇಪರನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಪರವಾಗಿಲ್ಲ ಅತ್ತೆ, ಹಾಗೇ ಅಂದುಕೊಳ್ಳಲಿ" ಅಂದಳು. ಎಷ್ಟು ನೆಮ್ಮದಿಯಿಂದ ಅಂದಳೆಂದರೆ ನಾನು ಆ ಪೇಪರನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಡಾಕ್ಟರಮ್ಮ ಬಹಳ ಹೊತ್ತು ದೀಪ ಹಾಕಿ ನೋಡಿದರು. ಕಣ್ಣಿನ ಹಿಂದಿನ ಪದರ ಹರಿದು, ಗೋಡೆಯ ಸುಣ್ಣ ಬಿಡುವ ಹಾಗೆ ಬಿಡುತ್ತಾ ಬಂದಿದೆ. ನಡುಭಾಗ ಮಾತ್ರ ಇನ್ನೂ ಅಂಟಿಕೊಂಡಿದೆ, ನೋಟದ ಜೀವ ಇರುವುದೇ ಅಲ್ಲಿ. "ಇವತ್ತೇ ಸೇರಿಕೊಳ್ಳಿ, ನಾಳೆ ಬೆಳಿಗ್ಗೆ ಮೊದಲ ಕೇಸು ನಿಮ್ಮದೇ ಮಾಡ್ತೀನಿ. ನಡುಭಾಗ ಬಿಟ್ಟ ಮೇಲೆ ಬಂದ್ರೆ ನಾನು ಪದರ ಅಂಟಿಸಬಲ್ಲೆ, ಹೋದ ನೋಟ ತರೋಕೆ ಆಗಲ್ಲ" ಅಂದರು. ನಿನ್ನ ಅಕ್ಕ, "ನಾಡಿದ್ದು ಬರ್ತೀನಿ ಮೇಡಂ" ಅಂದಳು. "ನಾಡಿದ್ದು ಯಾರಿಗೆ ಕಾಣಿಸುತ್ತೆ ನೋಡೋಣ" ಅಂದರು ಆ ಪುಣ್ಯಾತ್ಗಿತ್ತಿ. ಅಷ್ಟು ಹೇಳಿದರೂ ಇವಳು ಎದ್ದು ಬಂದಳು. ಕಾಲಿಗೆ ಬೀಳುವುದೊಂದು ಬಾಕಿ ನಾನು.

ಯಾಕೆ ನಾಡಿದ್ದು ಎಂದು ಕೇಳುತ್ತೀಯಲ್ಲ. ಇನ್ನು ಮುಂದೆ ಕೂತುಕೊಂಡು ಓದು ಮಗಳೇ. ನೀರು ಕುಡಿ.

ಪಂದ್ಯಾವಳಿ ಶುರುವಾಗುವ ಮುಂಚೆ ನೀವಿಬ್ಬರೂ ಅಭ್ಯಾಸ ಮಾಡುವಾಗ ಅವಳು ಬಲೆಯ ಹತ್ತಿರ ನಿಂತಿದ್ದಳು, ನೀನು ಮೇಲಿನಿಂದ ಬಾರಿಸಿದ ಚೆಂಡು ಅವಳ ಕಣ್ಣಿಗೆ ಬಿತ್ತು. ನೆನಪಿದೆಯಾ? ನೀವಿಬ್ಬರೂ ನಕ್ಕುಕೊಂಡೇ ಮನೆಗೆ ಬಂದಿರಿ. ತಣ್ಣೀರ ಬಟ್ಟೆ ಒತ್ತಿಕೊಂಡು ಅವಳು, "ಅತ್ತೆ, ನಿಮ್ಮ ಚೂಟಿ ನನ್ನ ಕಣ್ಣಿಂದಲೇ ಒಂದು ಪಾಯಿಂಟ್ ಕಿತ್ತುಕೊಂಡ್ಳು" ಅಂದಿದ್ದಳು. ನಾನೂ ನಕ್ಕಿದ್ದೆ. ಊತ ಇಳಿಯಿತು, ಎಲ್ಲರೂ ಮರೆತೆವು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, "ಕಣ್ಣಿಗೆ ಏನಾದರೂ ಬಿದ್ದಿತ್ತಾ?"

ಆ ಚೆಂಡು ಬಿದ್ದ ಎರಡು ದಿನದ ಮೇಲೆ ಯಾರಿಗೆ ಯಾರು ಎದುರು ಎಂಬ ಪಟ್ಟಿ ಬಂತು. ಇಬ್ಬರೂ ಗೆಲ್ಲುತ್ತಾ ಹೋದರೆ ಸೆಮಿಫೈನಲ್‌ನಲ್ಲಿ ಮುಖಾಮುಖಿ. ನಮ್ಮ ಮನೆಯ ಪದ್ಧತಿ ನಿನಗೆ ನಾನು ಹೇಳಬೇಕೇ? ಕೋಣೆಯ ನಡುವೆ ಪರದೆ ಎಳೆಯಲಾಯಿತು. ಆಚೆ ಅವಳ ಮಂಚ, ಈಚೆ ನಿನ್ನದು. ಆಟ ಮುಗಿಯುವವರೆಗೆ ಮೈಯಲ್ಲಿ ಎಲ್ಲಿ ನೋವಿದೆ ಎಂದು ಒಬ್ಬರಿಗೊಬ್ಬರು ಹೇಳುವಂತಿಲ್ಲ. "ನೋವು ಹೇಳಿಕೊಂಡರೆ ಎದುರಾಳಿಯ ಕೈ ಮೆತ್ತಗಾಗುತ್ತೆ. ಮೆತ್ತಗಾದ ಕೈಯಿಂದ ಗೆಲ್ಲೋದು ಕದ್ದ ಹಾಗೆ" ಎಂದು ನಿಮ್ಮಪ್ಪ ಹಾಕಿದ ಕಟ್ಟಳೆ. ಆ ಕಟ್ಟಳೆ ನಿಮ್ಮಿಬ್ಬರನ್ನು ಆಟಗಾರ್ತಿಯರನ್ನಾಗಿ ಮಾಡಿದ್ದು ನಿಜ. ಆದರೆ ಬೇರೆ ಮನೆಯ ಹುಡುಗಿಯಾಗಿದ್ದರೆ ಚುಕ್ಕೆ ಕಂಡ ಮೊದಲ ದಿನವೇ ತಂಗಿಯನ್ನು ತಟ್ಟಿ ಎಬ್ಬಿಸಿ, ನೋಡೇ ಇದೇನೋ ಹಾರ್ತಿದೆ, ಅನ್ನುತ್ತಿದ್ದಳು. ನಮ್ಮ ಹುಡುಗಿ ಪರದೆಯ ಆಚೆ ಬಾಯಿ ಮುಚ್ಚಿ ಮಲಗಿದಳು. ನೆರಳು ಏರಿದ ಮೇಲೂ ಆಟದಿಂದ ಹಿಂದೆ ಸರಿಯಲಿಲ್ಲ. ಸರಿದರೆ ಕಾರಣ ಕೇಳುತ್ತಾರೆ, ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಆ ಚೆಂಡಿಗೇ ಬಂದು ನಿಲ್ಲುತ್ತದೆ.

ಡಾಕ್ಟರ ಹತ್ತಿರದಿಂದ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರ ನನ್ನದಲ್ಲ. "ಅತ್ತೆ, ಇವತ್ತು ಆಸ್ಪತ್ರೆ ಸೇರಿದ್ರೆ ಸಂಜೆಯೊಳಗೆ ಪೇಪರಿನವರು ಬಂದು ನಿಲ್ತಾರೆ. ಹೇಗಾಯ್ತು, ಯಾರ ಚೆಂಡು, ಎಲ್ಲ ಹೊರಗೆ ಬರುತ್ತೆ. ಅವಳಿಗೆ ಗೊತ್ತಾದ್ರೆ ನಾಳೆ ಅವಳ ಕೈ ಮೇಲೇಳಲ್ಲ. ನಾಳೆ ಮಾತ್ರ ಅಲ್ಲ, ಇನ್ಯಾವತ್ತೂ ಆ ಹೊಡೆತ ಹೊಡೆಯಲ್ಲ ಅವಳು. ನನ್ನನ್ನ ಮೋಸಗಾರ್ತಿ ಅಂದುಕೊಂಡು ಸಿಟ್ಟಲ್ಲಿ ಆಡಲಿ ಬಿಡಿ. ಸಿಟ್ಟಲ್ಲಿ ಅವಳು ಚೆನ್ನಾಗಿ ಆಡ್ತಾಳೆ." ಆಮೇಲೆ ನನ್ನ ಕೈ ತನ್ನ ತಲೆಯ ಮೇಲಿಟ್ಟುಕೊಂಡು, "ಹೇಳಲ್ಲ ಅಂತ ಮಾತು ಕೊಡಿ" ಅಂದಳು. ಕೊಟ್ಟೆ. ಬಸ್ಸಿನಲ್ಲಿ ಎಲ್ಲರ ಮುಂದೆ ಅವಳು ಅಳಬಾರದು ಎಂದು ಕೊಟ್ಟೆ. ಈಗ ಮುರಿಯುತ್ತಿದ್ದೇನೆ. ಇದರ ಪಾಪ ಏನಿದೆಯೋ ನನ್ನ ತಲೆಗೆ ಬರಲಿ, ಅವಳ ಕಣ್ಣಿಗೆ ಬೇಡ.

ಅವಳೀಗ ಒಳಕೋಣೆಯಲ್ಲಿ, ಇಸ್ತ್ರಿ ಬಟ್ಟೆಗಳ ಮೂಟೆಯ ಪಕ್ಕ, ಡಾಕ್ಟರಮ್ಮ ಹೇಳಿದ ಹಾಗೆ ತಲೆ ಅಲುಗಿಸದೆ ಮಲಗಿದ್ದಾಳೆ. ಆಗಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಸೂರಿನ ಫ್ಯಾನ್ ನೋಡುತ್ತಾಳೆ. ಎಷ್ಟು ಉಳಿದಿದೆ ಎಂದು ಅಳೆಯುತ್ತಿದ್ದಾಳೆ. ಬೆಳಿಗ್ಗೆ ಮೂರು ರೆಕ್ಕೆಯೂ ಕಾಣುತ್ತಿದ್ದವಂತೆ. ಈಗ ಕೇಳಿದರೆ ಹೇಳುವುದಿಲ್ಲ. ನಾನು ಹೆತ್ತವಳಲ್ಲ, ಬೈದು ಎಳೆದುಕೊಂಡು ಹೋಗಲು ಅವಳು ಎಳೆಮಗುವೂ ಅಲ್ಲ. ಬೇಡಿದೆ, ಊಟ ಬಿಟ್ಟೆ, ಹೆದರಿಸಿದೆ. ನಮ್ಮ ಮನೆತನದ ಹಟವೇ ಅದು, ಕಲ್ಲಿಗೆ ನೀರು ಹೊಯ್ದ ಹಾಗೆ.

ಬೆಳಿಗ್ಗೆಯಿಂದ ಯೋಚಿಸಿ ಯೋಚಿಸಿ ನನಗೆ ತೋಚಿದ್ದು ಇಷ್ಟೇ. ನಿನಗೆ ಗೊತ್ತಾಗಬಾರದು ಎಂದೇ ಅವಳು ಆಸ್ಪತ್ರೆಗೆ ಹೋಗುತ್ತಿಲ್ಲ. ನಿನಗೆ ಗೊತ್ತಾಗಿಬಿಟ್ಟರೆ ಅವಳಿಗೆ ಕಾಯಲು ಏನೂ ಉಳಿಯುವುದಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನಾನು ಹೇಳಿದೆ ಎಂದರೆ ಅವಳು ನಂಬುವುದಿಲ್ಲ, ಆಸ್ಪತ್ರೆಗೆ ಕರೆದೊಯ್ಯಲು ಸುಳ್ಳು ಹೇಳ್ತೀರಿ ಅನ್ನುತ್ತಾಳೆ. ನಿನ್ನ ಬಾಯಿಂದಲೇ ಕೇಳಬೇಕು.

ನಾನು ನಿನಗೆ ಏನು ಮಾಡುತ್ತಿದ್ದೇನೆ ಎಂದು ತಿಳಿಯದಷ್ಟು ದಡ್ಡಿಯಲ್ಲ. ಒಬ್ಬಳ ಕಣ್ಣು ಉಳಿಸಲು ಇನ್ನೊಬ್ಬಳ ಎದೆಗೆ ಸೂಜಿ ಹಾಕುತ್ತಿದ್ದೇನೆ. ಇದನ್ನು ಓದಿದ ಮೇಲೆ ನಾಳೆ ನಿನ್ನ ಕೈ ನಡುಗಬಹುದು. ಚೆಂಡು ಮೇಲೆದ್ದಾಗಲೆಲ್ಲ ಅವಳ ಮುಖ ಕಾಣಬಹುದು. ನಾಡಿದ್ದಿನ ಪೇಪರಿನ ಚೌಕದಲ್ಲಿ ಇನ್ನೊಂದು ಸಾಲು ಸೇರಿ, ಈ ಸಲ ಸೊನ್ನೆಯ ಕಡೆ ನೀನು ನಿಂತಿರಬಹುದು. ಹಾಗಾದರೆ ಆ ಎರಡು ಸೊನ್ನೆ ನನ್ನ ಕೈಯಿಂದ ಬಿದ್ದವು, ನಿನ್ನದಲ್ಲ. ಆಡದೆ ಬಂದುಬಿಡುತ್ತೇನೆ ಅಂದರೆ ಬಾ, ಬಾಗಿಲು ತೆರೆದೇ ಇರುತ್ತದೆ. ಆಡುತ್ತೇನೆ ಅಂದರೆ ಆಡು. ಬಾ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ, ಅದನ್ನು ನಿನ್ನಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಆ ಪೇಪರಿನಲ್ಲಿ ಒಂದು ವಿಷಯ ಚೌಕದ ಹೊರಗೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಈಚೆಗೆ ಹುಲ್ಲಿನ ಅಂಗಳದ ದೊಡ್ಡ ಫೈನಲ್‌ನಲ್ಲಿ ಎರಡು ಸೊನ್ನೆಗೆ ಸೋತು ಎಲ್ಲರೆದುರು ಅತ್ತ ಹುಡುಗಿಯೊಬ್ಬಳು ಎರಡು ತಿಂಗಳೊಳಗೆ ಇನ್ನೊಂದು ಕಡೆ ಅದೇ ಎದುರಾಳಿಯನ್ನು ಸೋಲಿಸಿದಳಂತೆ. ಸೋತ ಆಟ ಮತ್ತೆ ಬರುತ್ತದೆ ಚೂಟಿ. ಬಿಟ್ಟುಹೋದ ನೋಟ ಬರುವುದಿಲ್ಲವಂತೆ.

ಆ ಚೆಂಡಿನ ಬಗ್ಗೆ ಒಂದೇ ಮಾತು. ಬೇಕೆಂದು ಹೊಡೆದವಳಲ್ಲ ನೀನು, ಅದು ನಿನ್ನ ಅಪ್ಪನಿಗೆ ಗೊತ್ತು, ಅವಳಿಗೆ ಗೊತ್ತು, ನನಗೆ ಗೊತ್ತು. ಅದನ್ನು ನೆನೆದು ಅಳುವುದಿದ್ದರೆ ಆಮೇಲೆ ನನ್ನ ಮಡಿಲಿಗೆ ಬಂದು ಅಳು, ಎಷ್ಟು ದಿನ ಬೇಕಾದರೂ. ಇವತ್ತು ಸಂಜೆ ಮಾತ್ರ ಅಳಬೇಡ. ಇವತ್ತು ಸಂಜೆ ನಿನ್ನ ಕೆಲಸ ಬೇರೆ ಇದೆ.

ನಿಮ್ಮಪ್ಪನನ್ನು ಕೇಳಿ ಫೋನು ತೆಗೆದುಕೊ. ಕೊಡದಿದ್ದರೆ ಈ ಕಾಗದವನ್ನು ಅವನ ಕೈಗಿಡು, ಓದಲಿ. ಅದೂ ಆಗದಿದ್ದರೆ ಹೋಟೆಲಿನ ಕೆಳಗೆ ಇಳಿದು ಯಾರ ಫೋನನ್ನಾದರೂ ಬೇಡು, ನಾಚಬೇಡ. ಆಸ್ಪತ್ರೆಯಲ್ಲಿ ರಾತ್ರಿ ಎಂಟರವರೆಗೆ ಸೇರಿಸಿಕೊಳ್ಳುತ್ತಾರೆ. ಬಾಡಿಗೆ ಕಾರಿನವನು ಅಂಗಡಿಯ ಎದುರು ನಿಂತಿದ್ದಾನೆ, "ಯಾರಮ್ಮ ಬರೋದು, ಎಷ್ಟೊತ್ತಿಗೆ?" ಎಂದು ಆಗಲೇ ಎರಡು ಸಲ ಕೇಳಿದ. ಅವಳ ಎರಡು ಜೊತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿ ಹೊಲಿಗೆ ಯಂತ್ರದ ಕೆಳಗೆ ಅಡಗಿಸಿದ್ದೇನೆ.

ತಂತಿ ಮಾಮ ಸೈಕಲ್ಲು ಹೊರಗೆ ತೆಗೆದಾಯಿತು. ನಿಲ್ಲಿಸುತ್ತೇನೆ.

ನಿನಗೆ ಒಳ್ಳೆಯದಾಗಲಿ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ನನ್ನ ಆಯಸ್ಸಿನಲ್ಲಿ ಉಳಿದದ್ದು ನಿಮಗೆ ಹಂಚಿಹೋಗಲಿ. ನೀನು ಫೋನು ಮಾಡಿದ ಕೂಡಲೇ ಅದನ್ನು ನಾನು ಕಿವಿಗಿಟ್ಟುಕೊಳ್ಳುವುದಿಲ್ಲ, ನೇರ ಒಳಗೆ ಹೋಗಿ ಅವಳ ಕಿವಿಗೆ ಹಿಡಿಯುತ್ತೇನೆ. ಆದ್ದರಿಂದ ಹಲೋ ಅನ್ನಬೇಡ, ಅತ್ತೆ ಅನ್ನಬೇಡ. "ಅಕ್ಕಾ, ಏಳು" ಎಂದೇ ಶುರು ಮಾಡು.

ಕಾಯುತ್ತಿರುವ
ನಿನ್ನ ಅತ್ತೆ